ತೆಳುಗಾಳಿಯಲ್ಲಿ ಎಂಜಿನ್ನಿನ ಉಸಿರಾಟ

ವಿಮಾನದ ಪಿಸ್ಟನ್ ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವುದು ಗಾತ್ರದ ಲೆಕ್ಕದಲ್ಲಿ. ಪೆಟ್ರೋಲ್ ಉರಿಯುವುದು ಗಾಳಿಯ ತೂಕದ ಲೆಕ್ಕದಲ್ಲಿ. ಮೇಲೇರಿದ ಎಂಜಿನ್ನಿನ ತೊಂದರೆಗಳೆಲ್ಲ ಈ ಎರಡು ಲೆಕ್ಕ ಹೊಂದದೆ ಹೋಗುವುದರಿಂದ ಹುಟ್ಟುತ್ತವೆ. ಸೆಸ್ನಾ 172 ಎಸ್ ವಿಮಾನದಲ್ಲಿರುವ ಲೈಕಮಿಂಗ್ ಐಒ-360 ಎಂಜಿನ್ನನ್ನೇ ನೋಡಬಹುದು: ನಾಲ್ಕು ಸಿಲಿಂಡರ್, 5.9 ಲೀಟರ್ ಗಾತ್ರ, 180 ಅಶ್ವಶಕ್ತಿ. ನಿಮಿಷಕ್ಕೆ 2,700 ಸುತ್ತು ತಿರುಗುವಾಗ ಅದರ ಸಿಲಿಂಡರುಗಳು ಹೆಚ್ಚೆಂದರೆ 8 ಘನ ಮೀಟರ್ ಗಾಳಿ ಎಳೆದಾವು. ಸಮುದ್ರಮಟ್ಟದಲ್ಲಿ ಅಷ್ಟು ಗಾಳಿಯ ತೂಕ 10 ಕಿಲೋಗೆ ತುಸು ಕಡಿಮೆ. 8,000 ಅಡಿ ಎತ್ತರದಲ್ಲಿ ಅದೇ ಗಾತ್ರದ ಗಾಳಿ 7.7 ಕಿಲೋ ತೂಗುತ್ತದೆ. ಪಿಸ್ಟನ್ ಅಷ್ಟೇ ದೂರ ಚಲಿಸುತ್ತದೆ, ಕವಾಟ ಅಷ್ಟೇ ತೆರೆಯುತ್ತದೆ, ಒಳಗೆ ಬರುವ ಆಮ್ಲಜನಕ ಮಾತ್ರ ಐದನೇ ಒಂದು ಪಾಲು ಕಡಿಮೆ.

ಹೀಗೆ ಪ್ರತಿ ಸಾವಿರ ಅಡಿಗೆ ಶಕ್ತಿ ನೂರಕ್ಕೆ ಸುಮಾರು 3ರಂತೆ ಇಳಿಯುತ್ತದೆ. 22,000 ಅಡಿಯ ಹತ್ತಿರ ಗಾಳಿಯ ಸಾಂದ್ರತೆ ಅರ್ಧಕ್ಕೆ ಬರುತ್ತದೆ. ಶಕ್ತಿ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಬೇರಿಂಗು, ಪಿಸ್ಟನ್ ರಿಂಗುಗಳ ಘರ್ಷಣೆಗೆ ತೆರಬೇಕಾದ ಶಕ್ತಿ ಎಷ್ಟು ಎತ್ತರಕ್ಕೆ ಹೋದರೂ ಕಡಿಮೆಯಾಗುವುದಿಲ್ಲವಲ್ಲ.

ಎತ್ತರವೆಂದರೆ ನಕ್ಷೆಯಲ್ಲಿ ಬರೆದ ಅಡಿಗಳಷ್ಟೇ ಅಲ್ಲ, ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 35 ಡಿಗ್ರಿ ಮುಟ್ಟಿದಾಗ ಅಲ್ಲಿನ ಗಾಳಿ, ಪ್ರಮಾಣಿತ ವಾಯುಮಂಡಲದಲ್ಲಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಪೈಲಟ್‌ಗಳು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುವುದು ಇದನ್ನೇ. ಆಗ ಎಂಜಿನ್ ಸೋಲುವುದರ ಜೊತೆಗೆ ಪ್ರೊಪೆಲ್ಲರಿನ ಎಳೆತವೂ ರೆಕ್ಕೆಯ ಎತ್ತುವ ಬಲವೂ ಕುಗ್ಗುತ್ತವೆ. ಬೆಳಗ್ಗೆ ಸಲೀಸಾಗಿ ಏರಿದ ವಿಮಾನ ಮಧ್ಯಾಹ್ನ ಅದೇ ರನ್‌ವೇಯಲ್ಲಿ ಬಹುದೂರ ಓಡಬೇಕಾಗುತ್ತದೆ.

ಹೊರಗಿರುವ ಗಾಳಿಯೆಲ್ಲ ಸಿಲಿಂಡರ್ ಮುಟ್ಟುವುದೂ ಇಲ್ಲ. ಫಿಲ್ಟರ್, ಕೊಳವೆಯ ತಿರುವು, ಥ್ರಾಟಲಿನ ಚಿಟ್ಟೆಕವಾಟ, ಇನ್‌ಟೇಕ್ ಕವಾಟ, ಪ್ರತಿಯೊಂದೂ ಒತ್ತಡದಲ್ಲಿ ಒಂದಿಷ್ಟನ್ನು ತಿಂದುಹಾಕುತ್ತದೆ. ಥ್ರಾಟಲ್ ಪೂರ್ತಿ ತೆರೆದರೂ ಮ್ಯಾನಿಫೋಲ್ಡ್ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಇಂಚು ಪಾದರಸದಷ್ಟು ಕಡಿಮೆಯೇ ಇರುತ್ತದೆ. ಹಾರುವ ವೇಗದಿಂದ ಮುಂದಿನ ಬಾಯಿಗೆ ನುಗ್ಗುವ ಗಾಳಿ ಈ ನಷ್ಟವನ್ನು ತುಸು ತುಂಬಿಕೊಡುತ್ತದೆ. ಸಣ್ಣ ವಿಮಾನಗಳ ವೇಗದಲ್ಲಿ ಆ ಲಾಭ ಅಲ್ಪ.

ಎತ್ತರದಲ್ಲಿ ಪೈಲಟ್ ತನ್ನ ಕೈಯಾರೆ ಸರಿಪಡಿಸಬಹುದಾದದ್ದು ಮಿಕ್ಸ್ಚರ್, ಅಂದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ. ಕಾರ್ಬುರೇಟರ್ ಇರುವ ಎಂಜಿನ್ನುಗಳಲ್ಲಿ, ಅದರ ಕಿರಿದಾದ ವೆಂಚುರಿಯಲ್ಲಿ ಗಾಳಿ ರಭಸದಿಂದ ಸಾಗುವಾಗ ಒತ್ತಡ ಇಳಿದು, ಆ ಇಳಿತವೇ ಪೆಟ್ರೋಲನ್ನು ಎಳೆದು ತರುತ್ತದೆ. ಗಾಳಿ ತೆಳುವಾದಂತೆ ಪೆಟ್ರೋಲೂ ಕಡಿಮೆಯಾಗುತ್ತದೆ, ಆದರೆ ಗಾಳಿಯ ತೂಕ ಇಳಿದಷ್ಟು ಅಲ್ಲ. 8,000 ಅಡಿಯಲ್ಲಿ ಮಿಶ್ರಣ ನೂರಕ್ಕೆ ಸುಮಾರು 13ರಷ್ಟು ಗಾಢವಾಗಿಬಿಡುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಅತಿ ಹೆಚ್ಚು ಶಕ್ತಿ ಸಿಗುವುದು 12.5 ಪಾಲಿನ ಆಸುಪಾಸಿನಲ್ಲಿ. ಅದಕ್ಕಿಂತ ಗಾಢವಾದರೆ ಶಕ್ತಿ ಕುಸಿಯುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಎಂಜಿನ್ ಅದುರುತ್ತದೆ. ಮಿಕ್ಸ್ಚರಿನ ಕೆಂಪು ಗುಬುಟನ್ನು ಮೆಲ್ಲಗೆ ಹೊರಗೆಳೆದು ಪೆಟ್ರೋಲ್ ಇಳಿಸುವುದೇ ಲೀನ್ ಮಾಡುವುದು. ಕೆಳಗಿನ ನಿಲ್ದಾಣಗಳಲ್ಲಿ ಮಾತ್ರ ಕಲಿತವರು ಎತ್ತರದ ನಿಲ್ದಾಣದಲ್ಲೂ ಮಿಕ್ಸ್ಚರನ್ನು ಪೂರ್ತಿ ಒಳಗೊತ್ತಿಯೇ ಹೊರಡುವುದುಂಟು. ಮೊದಲೇ ಬಡವಾದ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಕಸಿಯುವ ಈ ಅಭ್ಯಾಸ ನಿಜಕ್ಕೂ ಅಪಾಯಕಾರಿ. ಇಳಿಯುವಾಗ ಮಿಶ್ರಣವನ್ನು ಮತ್ತೆ ಗಾಢ ಮಾಡಲು ಮರೆಯುವುದೂ ಅಷ್ಟೇ ಕೆಟ್ಟದ್ದು.

ಅದೇ ವೆಂಚುರಿ ಇನ್ನೊಂದು ಕಾಟವನ್ನೂ ಕೊಡುತ್ತದೆ. ಗಾಳಿಯ ಹಿಗ್ಗುವಿಕೆ ಮತ್ತು ಪೆಟ್ರೋಲಿನ ಆವಿಯಾಗುವಿಕೆ ಸೇರಿ ಅಲ್ಲಿನ ಉಷ್ಣಾಂಶವನ್ನು 20 ಡಿಗ್ರಿಗೂ ಹೆಚ್ಚು ಇಳಿಸಬಲ್ಲವು. ಹೊರಗೆ 20 ಡಿಗ್ರಿಯ ಹಿತವಾದ ಮಳೆಗಾಲದ ಬೆಳಗಿದ್ದರೂ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುವುದು ಹೀಗೆ. ಎಕ್ಸಾಸ್ಟಿನ ಸುತ್ತ ಬಿಸಿಯಾದ ಗಾಳಿಯನ್ನು ಒಳಬಿಟ್ಟು ಅದನ್ನು ಕರಗಿಸುತ್ತಾರೆ; ಬಿಸಿಗಾಳಿ ತೆಳುವಾದ್ದರಿಂದ ಅಷ್ಟು ಹೊತ್ತು ಶಕ್ತಿ ಇಳಿಯುತ್ತದೆ.

ಎಂಜಿನ್ನಿನ ಹೊರಮೈಯನ್ನು ತಣಿಸುವುದೂ ಗಾಳಿಯೇ. ಮೂಗಿನ ಎರಡು ಬಾಯಿಗಳಿಂದ ಬಂದ ಗಾಳಿ ಸಿಲಿಂಡರುಗಳ ಮೇಲೆ ಒತ್ತಡ ಕಟ್ಟಿ, ತಗಡಿನ ಅಡ್ಡಗಳ ನಡುವೆ ರೆಕ್ಕೆಯಂಥ ಅಂಚುಗಳನ್ನು ಸವರಿಕೊಂಡು ಕೆಳಗಿಳಿದು ಹೊರಹೋಗುತ್ತದೆ. ಆ ಅಡ್ಡಗಳ ರಬ್ಬರ್ ಅಂಚು ಹರಿದಿದ್ದರೆ ಗಾಳಿ ಸುಲಭದ ದಾರಿ ಹಿಡಿದು, ಯಾವುದೋ ಒಂದು ಸಿಲಿಂಡರ್ ಕಾದು ಕೆಂಡವಾಗುತ್ತದೆ. ಈ ಹರಿವನ್ನು ತಿದ್ದುವುದರಿಂದ ಎಷ್ಟು ಲಾಭವಿದೆ ಎಂಬುದನ್ನು ತೋರಿಸಿದ್ದು ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ. ಫ್ರೆಡ್ ವೀಕ್ ಅವರ ತಂಡ 1928ರಲ್ಲಿ ರೂಪಿಸಿದ ಕೌಲಿಂಗನ್ನು, ಅಂದರೆ ಎಂಜಿನ್ನಿನ ಹೊದಿಕೆಯನ್ನು, ಕರ್ಟಿಸ್ ವಿಮಾನವೊಂದಕ್ಕೆ ತೊಡಿಸಿದಾಗ, ಅದೇ ಎಂಜಿನ್ನಿನಲ್ಲಿ ಗರಿಷ್ಠ ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು.

ತೆಳುಗಾಳಿಗೆ ನೇರವಾದ ಪರಿಹಾರ ಗಾಳಿಯನ್ನು ಒತ್ತಿ ತುಂಬುವುದು. ಎಂಜಿನ್ನೇ ಗಿಯರ್ ಮೂಲಕ ತಿರುಗಿಸುವ ಒತ್ತುಯಂತ್ರ ಸೂಪರ್‌ಚಾರ್ಜರ್. ಎಕ್ಸಾಸ್ಟ್ ಅನಿಲ ತಿರುಗಿಸಿದರೆ ಟರ್ಬೊಚಾರ್ಜರ್. ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಜಿನ್ನೊಂದನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ 14,000 ಅಡಿ ಮೀರಿದ ತುದಿಗೆ ಲಾರಿಯಲ್ಲಿ ಒಯ್ದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ತುದಿಯಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಎರಡು ವರ್ಷಗಳಲ್ಲಿ ರುಡಾಲ್ಫ್ ಶ್ರೋಡರ್ ಟರ್ಬೊ ಇದ್ದ ವಿಮಾನದಲ್ಲಿ 33,000 ಅಡಿ ದಾಟಿದರು.

ಸೂಪರ್‌ಚಾರ್ಜರಿನ ಕಥೆ ಉತ್ತುಂಗ ಮುಟ್ಟಿದ್ದು ರೋಲ್ಸ್-ರಾಯ್ಸ್ ಕಂಪನಿಯ ಎಂಜಿನ್ನಾದ ಮರ್ಲಿನ್‌ನಲ್ಲಿ. 1938ರಲ್ಲಿ ಕಂಪನಿ ಸೇರಿದ ಗಣಿತಜ್ಞ ಸ್ಟ್ಯಾನ್ಲಿ ಹೂಕರ್, ಸೂಪರ್‌ಚಾರ್ಜರಿಗೆ ಗಾಳಿ ಹೊಗುವ ದಾರಿಯ ತಿರುವೇ ಬಹಳಷ್ಟು ಒತ್ತಡವನ್ನು ಪೋಲು ಮಾಡುತ್ತಿದೆಯೆಂದು ಕಂಡು ಅದನ್ನು ಮರುರೂಪಿಸಿದರು. ಸಿಲಿಂಡರಿನ 27 ಲೀಟರ್ ಗಾತ್ರ ಬದಲಾಗಲಿಲ್ಲ. ಗಾಳಿಯ ದಾರಿ ನೇರವಾಯಿತು, ಎಂಜಿನ್ ಇನ್ನೂ ಮೇಲಕ್ಕೆ ತನ್ನ ಶಕ್ತಿ ಉಳಿಸಿಕೊಂಡಿತು. ಮುಂದೆ ಮರ್ಲಿನ್ 61ರಲ್ಲಿ ಎರಡು ಹಂತ, ಎರಡು ವೇಗದ ಸೂಪರ್‌ಚಾರ್ಜರ್ ಬಂತು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳುವಾಗುತ್ತದೆ, ಮಿಶ್ರಣ ತಾನಾಗಿ ಸಿಡಿದು ಎಂಜಿನ್ ನಾಕ್ ಹೊಡೆಯುವಂತೆಯೂ ಮಾಡುತ್ತದೆ. ಹಾಗಾಗಿ ಸೂಪರ್‌ಚಾರ್ಜರಿಗೂ ಸಿಲಿಂಡರಿಗೂ ನಡುವೆ ಗಾಳಿ ತಣಿಸುವ ಇಂಟರ್‌ಕೂಲರ್ ಅನಿವಾರ್ಯವಾಯಿತು. 1942ರಲ್ಲಿ ಜರ್ಮನ್ ಯುದ್ಧವಿಮಾನ ಫೋಕೆ-ವುಲ್ಫ್ 190ಕ್ಕೆ ಎದುರು ನಿಂತ ಸ್ಪಿಟ್‌ಫೈರ್ 9ರ ಬಲ ಇದೇ ಎಂಜಿನ್. ಪಿಸ್ಟನ್ ಯುಗದಲ್ಲಿ ಗಾಳಿಯ ಹರಿವನ್ನು ಅರಿತವರು ಮಾಡಿದ ಅತ್ಯುತ್ತಮ ಕೆಲಸ ಇದೆನ್ನಬೇಕು.

ಯಾವ ಸೂಪರ್‌ಚಾರ್ಜರಿಗೂ ಒಂದು ಮಿತಿ ಎತ್ತರವಿದೆ. ಅದನ್ನು ದಾಟಿದರೆ ಸಾಮಾನ್ಯ ಎಂಜಿನ್ನಿನಂತೆಯೇ ಶಕ್ತಿ ಇಳಿಯತೊಡಗುತ್ತದೆ. ಡಕೋಟಾ ಸಾಗಣೆ ವಿಮಾನದ ಟ್ವಿನ್ ವಾಸ್ಪ್ ಎಂಜಿನ್ನುಗಳ ಒಂದೇ ವೇಗದ ಸೂಪರ್‌ಚಾರ್ಜರಿಗೆ ಆ ಮಿತಿ ಸುಮಾರು 7,500 ಅಡಿ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಇಳಿಸಿದ ಲೇಹ್‌ನ ನೆಲವೇ 10,600 ಅಡಿಗೂ ಮೇಲಿದೆ. ಅಲ್ಲಿಂದ ಮರಳಿ ಏರಿದ್ದು ಈ ಕುಗ್ಗಿದ ಶಕ್ತಿಯಲ್ಲೇ.

ಟರ್ಬೊ ಇದ್ದರೂ ತೆಳುಗಾಳಿ ಬೇರೆ ಬಾಗಿಲಿನಿಂದ ಬರುತ್ತದೆ. ಎಂಜಿನ್ ಪೂರ್ತಿ ಶಕ್ತಿಯ ಶಾಖವನ್ನು ಹೊರಹಾಕುತ್ತದೆ, ಅದನ್ನು ಹೊತ್ತೊಯ್ಯಬೇಕಾದ ಗಾಳಿ ತೆಳು. ಹಾಗಾಗಿ ಬಿಸಿಗಾಳಿ ಹೊರಹೋಗುವ ಬಾಗಿಲಾದ ಕೌಲ್ ಫ್ಲಾಪ್ ತೆರೆದಿಡಬೇಕಾಗುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊದೊಳಗೆ, ತೆಳುಗಾಳಿಯಲ್ಲಿ ಕಿಡಿ ತಪ್ಪುದಾರಿ ಹಿಡಿಯುವುದರಿಂದ ಅದಕ್ಕೂ ಒತ್ತಡದ ಗಾಳಿ ತುಂಬಬೇಕು.

ಸೂಪರ್‌ಚಾರ್ಜರ್, ಟರ್ಬೊ ಎರಡೂ ಇಲ್ಲದ ಎಂಜಿನ್ನಿಗೂ ಎತ್ತರದಲ್ಲಿ ಒಂದು ಲಾಭವಿದೆ: ತೆಳುಗಾಳಿ ವಿಮಾನವನ್ನು ಕಡಿಮೆ ತಡೆಯುತ್ತದೆ. ಸೆಸ್ನಾ 172 ಎಸ್ ತನ್ನ ಅತಿ ಹೆಚ್ಚಿನ ಪಯಣದ ವೇಗವಾದ 124 ನಾಟ್ ಮುಟ್ಟುವುದು 8,500 ಅಡಿಯಲ್ಲಿ, ಎಂಜಿನ್ ನೂರಕ್ಕೆ 75ರಷ್ಟು ಶಕ್ತಿ ಕೊಡುತ್ತಿರುವಾಗ. ಅದರ ಮೇಲೆ, ತಡೆ ಇಳಿದುದರ ಲಾಭಕ್ಕಿಂತ ಶಕ್ತಿ ಇಳಿದುದರ ನಷ್ಟ ಹೆಚ್ಚು. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರುವ ಈ ವಿಮಾನ 14,000 ಅಡಿ ತಲುಪುವಷ್ಟರಲ್ಲಿ ನಿಮಿಷಕ್ಕೆ 100 ಅಡಿ ಏರಲಷ್ಟೇ ಶಕ್ತವಾಗಿರುತ್ತದೆ.