ಆರು ವೋಲ್ಟಿನ ಮೇಲೆ ಹೊರಿಸಿದ ಅಪವಾದ

ಕೊಡಗಿನಲ್ಲಿ ಹಳೆ ಜಾವಾ ಇಟ್ಟುಕೊಂಡವರಿಗೆಲ್ಲ ಒಂದು ಉಪದೇಶ ತಪ್ಪಿದ್ದಲ್ಲ: ‘ಆರು ವೋಲ್ಟ್ ಇಲ್ಲಿಯ ಮಳೆಗೆ ಆಗಿಬರೋದಿಲ್ಲ, ಹನ್ನೆರಡಕ್ಕೆ ಬದಲಾಯಿಸಿಬಿಡಿ.’ ಗ್ಯಾರೇಜಿನವರು ಹೇಳುತ್ತಾರೆ, ಬೈಕ್ ಕೂಟಗಳಲ್ಲಿ ಸಿಕ್ಕವರು ಹೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಪಕ್ಕ ನಿಂತವರೂ ಹೇಳುತ್ತಾರೆ. ಹೆಡ್‌ಲೈಟ್ ಮಂಕಾಗುವುದು, ಹಾರ್ನ್ ಗೊಗ್ಗರಾಗುವುದು, ಕಿಕ್ ಹೊಡೆದೂ ಹೊಡೆದೂ ಕಾಲು ಸೋಲುವುದು ಎಲ್ಲವೂ ನಿಜ. ಆದರೆ ತಪ್ಪನ್ನು ಹೊರಿಸಿದ ಜಾಗ ಸರಿಯಿಲ್ಲ. ನಾನು ಬಿಚ್ಚಿ ನೋಡಿದ ಹೆಚ್ಚಿನ ಗಾಡಿಗಳಲ್ಲಿ ಕೆಟ್ಟಿದ್ದದ್ದು ಅರ್ತಿಂಗ್.

ಹೋದ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ನನ್ನ 250 ಸಿಸಿ ಜಾವಾದ ಹೆಡ್‌ಲೈಟ್ ಕೆಂಡದ ಹಾಗೆ ಕೆಂಪಗೆ ಉರಿಯತೊಡಗಿತು. ಬ್ಯಾಟರಿ ಸತ್ತಿದೆ ಎಂದರು ಒಬ್ಬ ಮೆಕ್ಯಾನಿಕ್. ಹೊಸದು ಹಾಕಿಸಿದೆ. ಬೆಳಕು ಕೊಂಚ ಏರಿದಂತೆ ಕಂಡು, ಮೂರೇ ವಾರದಲ್ಲಿ ಮತ್ತೆ ಅದೇ ಕತೆ. ಕೊನೆಗೆ ಮಲ್ಟಿಮೀಟರ್ ಹಿಡಿದು ನಾನೇ ಕೂತೆ. ಲೈಟ್ ಹಾಕಿಟ್ಟು ಬ್ಯಾಟರಿಯ ತುದಿಗಳಲ್ಲಿ ಅಳೆದರೆ 6.1 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 5.1. ಒಂದು ಇಡೀ ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ಹೆಡ್‌ಲೈಟ್ ಡೂಮಿನ ತಗಡಿಗೆ ಒತ್ತಿದೆ. ಸೊನ್ನೆಯ ಆಸುಪಾಸು ಇರಬೇಕಾದಲ್ಲಿ 0.8 ತೋರಿಸಿತು. ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. ವಾಷರಿನ ಅಡಿಯಲ್ಲಿ ದಪ್ಪಗೆ ಮರೂನ್ ಬಣ್ಣ, ಬಣ್ಣದ ಅಡಿಯಲ್ಲಿ ತುಕ್ಕು. ಗಾಡಿ ಚಂದ ಕಾಣಲೆಂದು ನಾನೇ ಆಸೆಪಟ್ಟು ಹೊಡೆಸಿದ ಬಣ್ಣ ಅದು. ಡೈನಮೊದಿಂದ ಬ್ಯಾಟರಿಗೆ ಚಾರ್ಜ್ ಹೋಗುವುದಕ್ಕೂ ಇದೇ ಚಾಸಿಯ ದಾರಿ ಬೇಕು. ಹೊಸ ಬ್ಯಾಟರಿ ಮೂರು ವಾರದಲ್ಲಿ ಸೊರಗಿದ್ದು ಅದಕ್ಕೇ. ಉಪ್ಪುಕಾಗದ ಹಾಕಿ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ವ್ಯಾಸಲೀನ್ ಸವರಿ ಬಿಗಿದೆ. ಡೂಮಿಗೂ ಎಂಜಿನ್ನಿಗೂ ಬ್ಯಾಟರಿಯಿಂದ ಬೇರೆಬೇರೆ ಅರ್ತ್ ವೈರ್ ಎಳೆದೆ. ಅಂದು ರಾತ್ರಿ ಗೇಟಿನಾಚೆಯ ಸಿಲ್ವರ್ ಓಕ್ ಮರಗಳು ಮತ್ತೆ ಒಂದೊಂದಾಗಿ ಕಂಡವು.

ಲೆಕ್ಕವೂ ಇದನ್ನೇ ಹೇಳುತ್ತದೆ. 35 ವ್ಯಾಟಿನ ಬಲ್ಬಿಗೆ ಆರು ವೋಲ್ಟಿನಲ್ಲಿ ಸುಮಾರು ಆರು ಆಂಪಿಯರ್ ಬೇಕು, ಹನ್ನೆರಡರಲ್ಲಿ ಮೂರು ಸಾಕು. ಆರರಲ್ಲಿ ಒಂದು ವೋಲ್ಟ್ ಸೋರಿದರೆ ಬಲ್ಬಿನ ಬೆಳಕು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಅದೇ ತುಕ್ಕು ಹಿಡಿದ ಜೋಡಣೆಯಲ್ಲಿ ಹನ್ನೆರಡು ವೋಲ್ಟ್ ಹರಿಸಿದರೆ ಸೋರುವುದು ಅರ್ಧ ವೋಲ್ಟ್ ಮಾತ್ರ, ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಹನ್ನೆರಡಕ್ಕೆ ಹೋದವರಿಗೆ ಗುಣ ಕಂಡದ್ದು ಹೀಗೆ. ರೋಗ ಒಳಗೇ ಇದೆ, ಇನ್ನೆರಡು ಮಳೆಗಾಲ ಕಳೆದ ಮೇಲೆ ತಲೆ ಎತ್ತುತ್ತದೆ.

ಈ ಬದಲಾವಣೆಯಲ್ಲಿ ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಡೈನಮೊ, ಕಾಯಿಲ್, ಕಟ್‌ಔಟ್, ಹಾರ್ನ್ ಎಲ್ಲ ಕಳಚಿ ಗುಜರಿಗೆ ಹೋಗುತ್ತವೆ. ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ಕಟ್ಟತೊಡಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಮಡಿಕೇರಿಯಿಂದ ಬರೀ 120 ಕಿಲೋಮೀಟರ್ ದೂರ. 2018ರಲ್ಲಿ ಜಾವಾ ಹೆಸರು ಮರಳಿ ಬಂತು, ಆದರೆ ಅದು ನಾಲ್ಕು ಸ್ಟ್ರೋಕಿನ ಬೇರೆಯೇ ಗಾಡಿ, ಅದರ ಸಾಮಾನು ಇದಕ್ಕೆ ಕೂರದು. ಇಂದು ಗುಜರಿಗೆ ಹಾಕಿದ ಡೈನಮೊ ನಾಳೆ ಬೇಕೆಂದರೆ ಎಲ್ಲಿಂದ ತರುವುದು?

ಇನ್ನೊಂದು ನಂಬಿಕೆ ಇದಕ್ಕಿಂತ ಹೆಚ್ಚು ಬ್ಯಾಟರಿಗಳನ್ನು ಕೊಂದಿದೆ: ಮಳೆಗಾಲದಲ್ಲಿ ವಾರಕ್ಕೊಮ್ಮೆ ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಚಾರ್ಜ್ ಆಗುತ್ತದಂತೆ. ಐಡಲಿನಲ್ಲಿ ಡೈನಮೊ ಬ್ಯಾಟರಿಯನ್ನು ಮೀರಿಸುವಷ್ಟು ವೋಲ್ಟ್ ಹುಟ್ಟಿಸುವುದಿಲ್ಲ. ಡೈನಮೊವನ್ನು ಬ್ಯಾಟರಿಗೆ ಜೋಡಿಸುವ ಕಟ್‌ಔಟ್ ತೆರೆದೇ ಇರುತ್ತದೆ, ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಆ ಹತ್ತು ನಿಮಿಷವೂ ಕಾಯಿಲ್ ಬ್ಯಾಟರಿಯನ್ನೇ ಹೀರುತ್ತದೆ. ಬರಿದಾದ ಬ್ಯಾಟರಿ ಹಾಗೇ ಕೂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಬಗ್ಗದು. ಜೂನಿನಲ್ಲೇ ಬ್ಯಾಟರಿ ಕಳಚಿ ಒಣಗಿದ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅದರ ಆಂಪಿಯರ್-ಅವರಿನ ಹತ್ತರಲ್ಲೊಂದು ಪಾಲಿನಷ್ಟು ಕರೆಂಟಿನಲ್ಲಿ ಚಾರ್ಜ್ ಮಾಡಿ, ಇಳಿದಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಆಸಿಡ್ ಸೇರಿಸಬೇಡಿ.

ದಿನಾ ರಾತ್ರಿ ಘಾಟಿ ಇಳಿಯುವವರು ಹನ್ನೆರಡು ವೋಲ್ಟಿಗೆ ಹೋದರೆ ನನ್ನ ತಕರಾರಿಲ್ಲ. ಜೀವದ ಪ್ರಶ್ನೆ ಅದು, ಒಳ್ಳೆಯ ಆರು ವೋಲ್ಟಿನ ಬಲ್ಬು ಈಗ ಹುಡುಕಿದರೂ ಸಿಗುವುದು ಕಷ್ಟ. ನನ್ನ ಮಾತು ಭಾನುವಾರ ಬೆಳಿಗ್ಗೆ ಗಾಡಿ ತೆಗೆಯುವವರಿಗೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಹೊರತೆಗೆದು, ಒರೆಸಿ, ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವ ನಾಡು ನಮ್ಮದು. ಮಳೆಗೆ ತುಕ್ಕು ಹಿಡಿದರೆ ನಾವು ಕೋವಿಯನ್ನು ದೂರುವುದಿಲ್ಲ, ಎಣ್ಣೆ ಹಾಕದ ಕೈಯನ್ನು ದೂರುತ್ತೇವೆ. ಈ ಸಲ ಕೋವಿಯ ಜೊತೆ ಜಾವಾವನ್ನೂ ಅಂಗಳಕ್ಕೆ ತನ್ನಿ. ಲೈಟ್ ಹಾಕಿ, ಬ್ಯಾಟರಿಯ ಅರ್ತ್ ತುದಿಯಿಂದ ಡೂಮಿನವರೆಗೆ ಮೀಟರ್ ಹಿಡಿಯಿರಿ. 0.2ಕ್ಕಿಂತ ಮೇಲೆ ತೋರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ, ಸ್ಪ್ಯಾನರ್ ತೆಗೆದುಕೊಂಡು ಮೊದಲು ಆ ಬೋಲ್ಟ್ ಬಿಚ್ಚಿ.