ವಾಕ್ಯ ಬೆಸೆಯುವ ಪದಗಳು
ಎರಡು ವಾಕ್ಯಗಳ ನಂಟನ್ನು ಒಂದೇ ಪದದಲ್ಲಿ ತಿಳಿಸುವ ‘ಆದರೆ’, ‘ಆದ್ದರಿಂದ’, ‘ಆದರೂ’ಗಳನ್ನು ಕನ್ನಡ ವ್ಯಾಕರಣ ಸಂಬಂಧಾರ್ಥಕ ಅವ್ಯಯಗಳೆಂದು ಕರೆಯುತ್ತದೆ. ಲಿಂಗ, ವಚನ, ವಿಭಕ್ತಿಗಳಿಂದ ಇವುಗಳ ರೂಪ ಬದಲಾಗದು; ಆದರೆ ಅರ್ಥವನ್ನು ಇವು ಪೂರ್ತಿ ಬದಲಿಸಬಲ್ಲವು. ‘ಮಳೆ ಬಂತು. ರೈತರು ಹೊಲಕ್ಕೆ ಹೋದರು.’ ಎಂಬ ವಾಕ್ಯಗಳ ನಡುವೆ ‘ಆದ್ದರಿಂದ’ ಬಂದರೆ ಅವರು ಹದಮಳೆಗೆ ಕಾದಿದ್ದವರು. ‘ಆದರೂ’ ಬಂದರೆ ಮಳೆಯನ್ನು ಲೆಕ್ಕಿಸದೆ ಹೊರಟವರು. ಇಷ್ಟು ಚಿಕ್ಕ ಪದ ಇಡೀ ಸನ್ನಿವೇಶವನ್ನೇ ತಿರುಗಿಸುವುದು ಭಾಷೆಯ ದೊಡ್ಡ ಸೊಗಸು.

ಹಾಗೆಂದು ಕನ್ನಡಕ್ಕೆ ಎಲ್ಲೆಡೆ ‘ಮತ್ತು’ ಎಂಬಂಥ ಬೆಸೆಯುವ ಪದ ಬೇಕಿಲ್ಲ. ‘ರಾಗಿಯೂ ಜೋಳವೂ’ ಎಂಬಲ್ಲಿ ‘ಊ’ ಸಾಕು. ‘ಉತ್ತು, ಬಿತ್ತಿ, ಮನೆಗೆ ಬಂದರು’ ಎಂಬಲ್ಲಿ ಕ್ರಿಯಾರೂಪಗಳೇ ಒಂದನ್ನೊಂದು ಕೈಹಿಡಿದು ಸಾಗುತ್ತವೆ. ಪ್ರತಿ ವಾಕ್ಯದ ಮೊದಲಿಗೂ ‘ಹಾಗಾಗಿ’ ಹಚ್ಚಿದರೆ ಬರಹದ ಓಟ ಕುಂಟುತ್ತದೆ. ಕಾರಣ ತಾನಾಗಿ ಹೊಳೆಯುವ ಕಡೆ ಆ ಪದವನ್ನು ಬಿಡುವುದೇ ಲೇಸು.