ಒಂದು ವ್ಯಾಧಿಯ ನಾಮಾಂತರ

ಅಮೆರಿಕ ಮತ್ತು ಯುರೋಪುಗಳ ಸಂಧಿವಾತ ತಜ್ಞರ ಸಂಸ್ಥೆಗಳೂ ಅಮೆರಿಕದ ಮೂತ್ರಪಿಂಡ ತಜ್ಞರ ಸಂಘವೂ ಕೂಡಿ, ‘ವೆಗೆನರ್ ಗ್ರ್ಯಾನ್ಯುಲೊಮಟೋಸಿಸ್’ ಎಂದು ಪ್ರಸಿದ್ಧವಾಗಿದ್ದ ವ್ಯಾಧಿಗೆ 2011ರಲ್ಲಿ ‘ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಆಂಜಿಯೈಟಿಸ್’ ಎಂಬ ಹೆಸರನ್ನು ಸೂಚಿಸಿದವು. ಈ ನಾಮಾಂತರದ ಯುಕ್ತಾಯುಕ್ತತೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುವುದು ಈ ವ್ಯಾಧಿಯ ಸ್ವರೂಪ. ಮೂಗು, ಶ್ವಾಸಕೋಶ, ಮೂತ್ರಪಿಂಡ ಇವು ಅದಕ್ಕೆ ಮುಖ್ಯವಾಗಿ ತುತ್ತಾಗುತ್ತವೆ. ವಾಸಿಯಾಗದ ನೆಗಡಿಯಂತೆ ತೋರಿ ಕಾಲ ಕಳೆಯುವುದೂ ಉಂಟು. 1958ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಚಿಕಿತ್ಸೆಯಿಲ್ಲದ ರೋಗಿಗಳು ಸರಾಸರಿ ಐದು ತಿಂಗಳು ಮಾತ್ರ ಬದುಕಿದ್ದರು. ಇಂದು ಔಷಧಗಳಿವೆ, ಆದರೆ ಸಕಾಲದಲ್ಲಿ ಗುರುತಿಸಿದರೆ ಮಾತ್ರ ಅವು ಪೂರ್ಣವಾಗಿ ಫಲಕಾರಿ. ಆದಕಾರಣ ಹೆಸರಿನ ಪ್ರಶ್ನೆಯನ್ನು ಕೇವಲ ಪದಜಿಜ್ಞಾಸೆಯೆಂದು ತಳ್ಳಿಹಾಕಲಾಗದು.

ಹಳೆಯ ಹೆಸರಿಗೆ ಎರಡು ಆಕ್ಷೇಪಗಳಿವೆ. ಫ್ರೀಡ್ರಿಕ್ ವೆಗೆನರನು 1936 ಮತ್ತು 1939ರಲ್ಲಿ ಈ ವ್ಯಾಧಿಯನ್ನು ವರ್ಣಿಸಿದನು. ಆದರೆ ಹೈನ್ಸ್ ಕ್ಲಿಂಗರನು 1931ರಲ್ಲಿಯೇ ಇಂತಹ ರೋಗಿಯನ್ನು ಕುರಿತು ಬರೆದಿದ್ದನು. ಅಲ್ಲದೆ ವೆಗೆನರನು ನಾಜಿ ಪಕ್ಷದ ಸದಸ್ಯನಾಗಿದ್ದನು. ಅಮೆರಿಕದ ಎದೆರೋಗ ತಜ್ಞರ ಸಂಸ್ಥೆಯೊಂದು 1989ರಲ್ಲಿ ಅವನಿಗೆ ನೀಡಿದ್ದ ಪ್ರಶಸ್ತಿಯನ್ನು, ಈ ಸಂಗತಿ ಬೆಳಕಿಗೆ ಬಂದ ಮೇಲೆ, ಹಿಂತೆಗೆದುಕೊಂಡಿತು. ಅವನ ವರ್ಣನೆಯ ಯೋಗ್ಯತೆ ಇದರಿಂದ ಕುಂದುವುದಿಲ್ಲವೆಂದು ವಾದಿಸುವವರಿದ್ದಾರೆ. ಆ ಮಾತು ನಿಜ. ಆದರೆ ವ್ಯಾಧಿಗೆ ಒಬ್ಬನ ಹೆಸರಿಡುವುದು ಅವನಿಗೆ ಸಲ್ಲಿಸುವ ಗೌರವ. ವರ್ಣನೆಯನ್ನು ಒಪ್ಪಿಕೊಂಡು ಗೌರವವನ್ನು ನಿರಾಕರಿಸುವುದರಲ್ಲಿ ವಿರೋಧವೇನೂ ನಮಗೆ ಕಾಣುವುದಿಲ್ಲ.

ಹೊಸ ಹೆಸರೂ ನಿರ್ದುಷ್ಟವಲ್ಲ. ಅದು ಸೂಕ್ಷ್ಮದರ್ಶಕದಲ್ಲಿ ಕಾಣುವ ಗಂಟುಗಳನ್ನೂ ಅನೇಕ ನಾಳಗಳ ಉರಿಯೂತವನ್ನೂ ಹೇಳುತ್ತದೆ. ಆದರೆ ಪರೀಕ್ಷೆಗೆಂದು ತೆಗೆದ ಅಂಗಾಂಶದ ಚೂರಿನಲ್ಲಿ ಆ ಗಂಟುಗಳು ಎಲ್ಲ ರೋಗಿಗಳಲ್ಲಿಯೂ ದೊರೆಯುವುದಿಲ್ಲ. ರೋಗಿಗಳ ರಕ್ತದಲ್ಲಿ, ತನ್ನ ದೇಹದ ಬಿಳಿಯ ರಕ್ತಕಣಗಳನ್ನೇ ಗುರಿಮಾಡುವ ಪ್ರತಿಕಾಯವಿರುವುದು 1985ರಲ್ಲಿ ಪ್ರಕಟವಾಯಿತು. ಅದನ್ನು ಆಧಾರವಾಗಿಟ್ಟು ವರ್ಗೀಕರಿಸುವುದೇ ಮೇಲೆಂಬ ಪಕ್ಷವೂ ಪ್ರಬಲವಾಗಿದೆ. ಹೊಸ ಹೆಸರು ಇದನ್ನು ಸೂಚಿಸುವುದಿಲ್ಲ.

ಆದರೂ ನಾವು ಹೊಸ ಹೆಸರನ್ನೇ ಅನುಮೋದಿಸುತ್ತೇವೆ. ವರ್ಣನಾತ್ಮಕವಾದ ಹೆಸರು ತಪ್ಪಾಗಿದ್ದರೆ ಅದನ್ನು ತಪ್ಪೆಂದು ತೋರಿಸಬಹುದು, ತಿದ್ದಬಹುದು. ವ್ಯಕ್ತಿನಾಮವಾದರೋ ರೋಗದ ವಿಷಯದಲ್ಲಿ ಏನನ್ನೂ ಹೇಳದ ಕಾರಣ ಅಂತಹ ಪರೀಕ್ಷೆಗೆ ಒಳಪಡುವುದೇ ಇಲ್ಲ. ತಿದ್ದುಪಡಿಗೆ ಎಡೆಯಿರುವುದೇ ಶಾಸ್ತ್ರಕ್ಕೆ ಶ್ರೇಯಸ್ಕರ.

ಕನ್ನಡದಲ್ಲಿ ಇದನ್ನು ‘ಗ್ರ್ಯಾನ್ಯುಲೋಮಾಸಹಿತ ಬಹುನಾಳ ಉರಿಯೂತ’ ಎನ್ನಬಹುದು. ರೋಗಿಗೆ ತಿಳಿಯಹೇಳುವಾಗ ‘ರಕ್ತನಾಳಗಳ ಉರಿಯೂತ’ ಎಂದರೆ ಸಾಕು. ಹಿಂದಿನ ಗ್ರಂಥಗಳಲ್ಲಿ ಹಳೆಯ ಹೆಸರೇ ಇರುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಅರಿತಿರಬೇಕು. ಹೆಸರನ್ನು ಬಿಟ್ಟ ಕಾರಣವನ್ನು ಅಧ್ಯಾಪಕರು ಮರೆಯದೆ ತಿಳಿಸಬೇಕು. ಹಾಗಾಗದಿದ್ದರೆ ಗೌರವದೊಡನೆ ಇತಿಹಾಸವನ್ನೂ ಅಳಿಸಿದಂತಾಗುವುದು.